ಭಾವ ಕಾಲು ಚಾಚಿ ಕೂತ ಭಾನುವಾರ

ನಾನು ಚಿಕ್ಕವನಿದ್ದಾಗ ನಮ್ಮ ಮನೆ ಬಂಗಾಳದ ಗಾರ್ಡನ್ ರೀಚ್‌ನಲ್ಲಿತ್ತು. ನದಿಯ ಕೆಸರಿನ ವಾಸನೆ, ಕಲ್ಲಿದ್ದಲ ಒಲೆಯ ಹೊಗೆ, ಹಡಗು ಕಟ್ಟುವಲ್ಲಿನ ಸುತ್ತಿಗೆಯ ಸದ್ದು ಎಲ್ಲವೂ ಒಂದೇ ಕಿಟಕಿಯಿಂದ ಒಳಗೆ ಬರುತ್ತಿದ್ದವು. ಹೆರಿಗೆಗೆಂದು ಬಂದ ಅಕ್ಕ ಒಳಕೋಣೆಯಲ್ಲಿದ್ದಳು. ಹೆಣ್ಣುಮಗು ಹುಟ್ಟಿತ್ತು. ಅಕ್ಕನಿಗೆ ಆಗ ಹದಿನೇಳು. ಅಷ್ಟು ಬೇಗ ಮದುವೆ ಮಾಡಿದ್ದು ತಪ್ಪೆಂದು ಆಗ ಯಾರೂ ಹೇಳಲಿಲ್ಲ. ಈಗ ನಾನು ಹೇಳುತ್ತಿದ್ದೇನೆ.

ಭಾವನಿಗೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಹಡಗಿನ ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದ. ಭಾನುವಾರ ಮಗುವನ್ನು ನೋಡಲು ಬರುತ್ತಿದ್ದ. ಆದರೆ ಬಾಣಂತಿ ಕೋಣೆಗೆ ಗಂಡಸರು ಕಾಲಿಡಬಾರದೆಂದು ಅಮ್ಮನ ಕಟ್ಟುನಿಟ್ಟು. ಅವನು ಹೊರಗಿನ ಕುರ್ಚಿಯಲ್ಲಿ ನೆಂಟನ ಹಾಗೆ ಚಹಾ ಕುಡಿಯಬೇಕು. ಅಮ್ಮ ಮಗುವನ್ನು ಬಾಗಿಲವರೆಗೆ ತಂದು ತೋರಿಸಿ ಒಳಗೆ ಒಯ್ಯುತ್ತಿದ್ದರು. ಅವನು ನೀಡಿದ ಕೈ ಬರಿದಾಗಿಯೇ ಉಳಿಯುತ್ತಿತ್ತು.

ಒಂದು ಭಾನುವಾರ ಬಿಸಿನೀರಿನ ಪಾತ್ರೆ ಎತ್ತಲು ಹೋಗಿ ಅಮ್ಮನ ಸೊಂಟ ಹಿಡಿದುಕೊಂಡು, ಅವರು ಚಾಪೆಯ ಮೇಲೆ ಮಲಗಿಬಿಟ್ಟರು. ಮಗುವಿನ ಮೈಗೆ ಆಗಲೇ ಎಣ್ಣೆ ಹಚ್ಚಿ ಆಗಿತ್ತು. ಅಕ್ಕನೇ ಬಚ್ಚಲಲ್ಲಿ ಮಣೆಯ ಮೇಲೆ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡಳು. ಎಣ್ಣೆಮೈ ಜಾರಿತು. ಅಕ್ಕ ಗಾಬರಿಯಿಂದ ಮಗುವನ್ನು ಅವುಚಿಕೊಂಡು, "ನನ್ನ ಕೈಲಾಗಲ್ಲಮ್ಮಾ" ಎಂದು ಅಳತೊಡಗಿದಳು.

ಭಾವ ಕುರ್ಚಿಯಿಂದ ಎದ್ದ. ಪ್ಯಾಂಟು ಮೊಣಕಾಲಿನ ಮೇಲಕ್ಕೆ ಮಡಚಿ ನೇರ ಒಳಗೆ ನಡೆದ. "ಕೊಡು ಇಲ್ಲಿ" ಎಂದು ಅಕ್ಕನನ್ನು ಎಬ್ಬಿಸಿ, ತಾನೇ ಕಾಲು ಚಾಚಿ ಕೂತ.

"ಅಳಿಯಂದಿರೇ, ಏಳಿ ಮೇಲೆ! ಗಂಡಸು ಮಗುಗೆ ಎರೆಯೋದುಂಟಾ? ಜನ ನಗ್ತಾರೆ!" ಅಮ್ಮ ಚಾಪೆಯಿಂದಲೇ ಕೂಗಿದರು.

"ನಗಲಿ ಅತ್ತೆ. ನೀವು ಮಲಗಿದ್ದಲ್ಲಿಂದಲೇ ಹೇಳ್ಕೊಡಿ."

ಜನ ನಕ್ಕೇಬಿಟ್ಟರು. ನಾವೆಲ್ಲ ಮಾಶಿಮಾ ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಹಿರಿಯಾಕೆ ಕಿಟಕಿಯಲ್ಲಿ ಇಣುಕಿ, "ಓ ಮಾ! ಅಳಿಯ ಆಯಾ ಆಗಿಬಿಟ್ಟನಾ?" ಎಂದು ಬಂಗಾಳಿಯಲ್ಲಿ ಕೇಳಿದರು.

"ಹೌದು ಮಾಶಿಮಾ, ನಿಮ್ಮೆಜಮಾನರನ್ನೂ ಕಳಿಸಿ, ಕಲಿಸ್ತೀನಿ" ಎಂದ ಭಾವ, ತನ್ನ ಮುರುಕು ಬಂಗಾಳಿಯಲ್ಲಿ.

ಮಗು ಕಿರುಚಿತು. ಕಡಲೆಹಿಟ್ಟು ಭಾವನ ಹುಬ್ಬಿಗೆಲ್ಲ ಮೆತ್ತಿತು. ಬಾಯಿ ಬಿಗಿದುಕೊಂಡಿದ್ದ ಅಮ್ಮ ಕೊನೆಗೆ ತಡೆಯಲಾರದೆ, "ಅಯ್ಯೋ, ಕತ್ತಿನ ಕೆಳಗೆ ಕೈ ಕೊಡಿ! ಮುಖಕ್ಕೆ ನೇರ ಸುರೀಬೇಡಿ!" ಎಂದರು. ಆಮೇಲೆ ಸಾಂಬ್ರಾಣಿಯ ಹೊಗೆಯಲ್ಲಿ ಮಗು ಅವನ ತೊಡೆಯ ಮೇಲೆಯೇ ನಿದ್ದೆಹೋಯಿತು.

"ನಾಳೆ ಕೆಲಸ ಬಿಟ್ಟ ತಕ್ಷಣ ಬರ್ತೀನಿ ಅತ್ತೆ. ನಿಮ್ಮ ಸೊಂಟ ಸರಿಹೋದ ಮೇಲೂ ಬರ್ತೀನಿ" ಎಂದ ಭಾವ. ಬಂದ. ದಿನವೂ ಬಂದ. ಮತ್ತೆ ಆ ಕುರ್ಚಿಯಲ್ಲಿ ಕೂರಲಿಲ್ಲ.

ಕಳೆದ ತಿಂಗಳು ಭಾವ ತೀರಿಕೊಂಡ. ಮೊಮ್ಮಕ್ಕಳೇ, ನಿಮ್ಮ ಅಕ್ಕನಿಗೆ ಈಗ ಹದಿನೇಳು. ಅವಳು ಮೆಟ್ರೊ ಹತ್ತಿ ಕಾಲೇಜಿಗೆ ಹೋಗುತ್ತಾಳೆ, ಅದನ್ನು ತಪ್ಪಿಸಲು ಯಾರಿಗೂ ಬಿಡಬೇಡಿ. ನಿಮ್ಮ ಚಿಕ್ಕಪ್ಪ ತನ್ನ ಪಾಪುವನ್ನು ಎದೆಗೆ ಕಟ್ಟಿಕೊಂಡು ಸಾಲ್ಟ್ ಲೇಕ್‌ನ ಪಾರ್ಕಿನಲ್ಲಿ ನಡೆದರೆ ಯಾರೂ ನಗುವುದಿಲ್ಲ. ಹೆಂಡತಿಗೆ ಎಷ್ಟು ಸಹಾಯ ಮಾಡುತ್ತಾನೆ ಎಂದು ಮೆಚ್ಚುತ್ತಾರೆ. ದುಃಖ ವಿಚಾರಿಸಲು ಬಂದವರು ಭಾವನ ಬಗ್ಗೆಯೂ ಅದನ್ನೇ ಅಂದರು.

ನನ್ನ ಅಕ್ಕ ತಲೆ ಎತ್ತಿದಳು. "ಸಹಾಯ ಅನ್ನಬೇಡಿ" ಎಂದಳು. "ಅವಳು ಅವರಿಗೂ ಮಗಳು."