ಇಪ್ಪತ್ತೆರಡನೆಯ ನಿಯಮ

ಅವರ ಕೆಳತುಟಿಯ ನಡುವೆ ಸಣ್ಣದೊಂದು ತಗ್ಗಿತ್ತು. ವರ್ಷಾನುಗಟ್ಟಲೆ ವಿಶಲ್ ಕಚ್ಚಿ ಕಚ್ಚಿ ಬಿದ್ದ ತಗ್ಗು. ಬಾಯಲ್ಲಿ ವಿಶಲ್ ಇಲ್ಲದಾಗಲೂ ಆ ತುಟಿ ಸ್ವಲ್ಪ ತೆರೆದೇ ಇರುತ್ತಿತ್ತು, ಏನೋ ಹೇಳಲು ಹೊರಟು ಅರ್ಧಕ್ಕೆ ನಿಲ್ಲಿಸಿದವರ ಹಾಗೆ. ಅವರು ನಮ್ಮ ಡ್ರಿಲ್ ಮಾಸ್ಟ್ರು.

ಪುತ್ತೂರಿನಿಂದ ಸುಳ್ಯಕ್ಕೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ತುಸು ಒಳಗೆ, ಗುಡ್ಡ ಕಡಿದು ಸಮ ಮಾಡಿದ ಜಾಗದಲ್ಲಿ ನಮ್ಮ ಹೈಸ್ಕೂಲಿತ್ತು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಶಾಲೆಯ ಜಗಲಿ ಹತ್ತಿದರೆ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಹೆಡ್‌ಮಾಸ್ಟ್ರ ಕೋಣೆಯ ಹೊರಗೋಡೆಗೆ ತೂಗು ಹಾಕಿದ ದೊಡ್ಡ ರಟ್ಟು. ಅದರ ಮೇಲೆ ಅವರದೇ ದುಂಡು ಅಕ್ಷರದಲ್ಲಿ ‘ವಿದ್ಯಾರ್ಥಿಗಳ ನಡತೆಯ ನಿಯಮಗಳು’. ಒಟ್ಟು ಇಪ್ಪತ್ತೊಂದು. ಗಂಟೆ ಹೊಡೆದ ಮೇಲೆ ಗೇಟು ದಾಟಬಾರದು. ಉಗುರು ಬೆಳೆಸಬಾರದು. ಶಾಲೆಯ ಒಳಗೆ ತುಳು ಮಾತಾಡಬಾರದು. ಉಪಾಧ್ಯಾಯರು ಕೇಳದೆ ಬಾಯಿ ತೆರೆಯಬಾರದು. ಹೀಗೆ. ನಿಯಮ ಬರೆದವರು ಹೆಡ್‌ಮಾಸ್ಟ್ರು. ತಪ್ಪಿದವನಿಗೆ ಎಷ್ಟು ಪೆಟ್ಟು ಎಂದು ತೀರ್ಮಾನಿಸುವವರೂ ಅವರೇ. ಹೊಡೆಯುವ ಕೆಲಸ ಮಾತ್ರ ಡ್ರಿಲ್ ಮಾಸ್ಟ್ರದ್ದು.

ಆದ್ದರಿಂದ ನಮ್ಮ ದ್ವೇಷವೆಲ್ಲ ಅವರ ಪಾಲಿಗೆ ಬಂತು. ಹೆಡ್‌ಮಾಸ್ಟ್ರು ಮೆಲುದನಿಯವರು, ಪೇಟೆಯಲ್ಲಿ ಸಿಕ್ಕಿದರೆ ಮನೆಯವರ ಕ್ಷೇಮ ವಿಚಾರಿಸುವವರು. ಡ್ರಿಲ್ ಮಾಸ್ಟ್ರು ಎದುರು ಬಂದರೆ ಮಾತ್ರ ನಾವು ಗದ್ದೆಗೆ ಇಳಿದು ಬೇರೆ ದಾರಿ ಹಿಡಿಯುತ್ತಿದ್ದೆವು. ಅವರು ಮೂಲ್ಕಿ ಕಡೆಯವರಂತೆ, ಯುದ್ಧದ ಕಾಲಕ್ಕೆ ಮಿಲಿಟರಿಯಲ್ಲಿದ್ದವರಂತೆ, ಹೆಂಡತಿ ಬಾಣಂತನದಲ್ಲಿ ತೀರಿಕೊಂಡಳಂತೆ. ಎಲ್ಲ ‘ಅಂತೆ’ಗಳೇ. ಅವರನ್ನೇ ಕೇಳಿ ತಿಳಿದವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಬಿ.ಎ. ಓದಿದ ಮಾಸ್ಟ್ರುಗಳು ಸ್ಟಾಫ್ ರೂಮಿನಲ್ಲಿ ಒಟ್ಟಿಗೆ ಕೂತು ಉಣ್ಣುತ್ತಿದ್ದರೆ, ಇವರು ಆಟದ ಸಾಮಾನಿನ ಕೋಣೆಯಲ್ಲಿ ಚೆಂಡುಗಳ ನಡುವೆ ಸ್ಟೂಲಿನ ಮೇಲೆ ಬುತ್ತಿ ಇಟ್ಟುಕೊಂಡು ಉಣ್ಣುತ್ತಿದ್ದರು.

ಹೊಡೆಯುವುದರಲ್ಲಿ ಅವರದೊಂದು ಕ್ರಮವಿತ್ತು. ಹುಡುಗನ ಅಂಗೈಯನ್ನು ತನ್ನ ಎಡಗೈಯಲ್ಲಿ ಹಿಡಿದು, ಅದರ ಬೆವರನ್ನು ತನ್ನದೇ ಕರವಸ್ತ್ರದಿಂದ ಒರೆಸುತ್ತಿದ್ದರು. “ಕಣ್ಣು ಮುಚ್ಚಬೇಡ, ಮುಚ್ಚಿದ್ರೆ ಜಾಸ್ತಿ ನೋಯ್ತದೆ” ಎನ್ನುತ್ತಿದ್ದರು. ಹೇಳಿದಷ್ಟು ಹೊಡೆದು, ಒಂದೂ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ, ಕೋಲನ್ನು ಮೂಲೆಗಿಟ್ಟು ಹೋಗುತ್ತಿದ್ದರು.

ಸಂಜೆ ಶಾಲೆ ಬಿಟ್ಟ ಮೇಲೆ ಅವರು ವಾಲಿಬಾಲ್ ನೆಟ್ಟು ಕಟ್ಟುತ್ತಿದ್ದರು. ಆಡಲು ಯಾರೂ ನಿಲ್ಲುತ್ತಿರಲಿಲ್ಲ. ಅವರು ಈ ಬದಿಯಿಂದ ಸರ್ವೀಸ್ ಹೊಡೆದು, ನೆಟ್ಟಿನ ಕೆಳಗೆ ನುಸುಳಿ ಆ ಬದಿಗೆ ಹೋಗಿ ಚೆಂಡು ಹೆಕ್ಕಿ, ಅಲ್ಲಿಂದ ಮತ್ತೆ ಈ ಬದಿಗೆ ಹೊಡೆಯುತ್ತಿದ್ದರು. ಕತ್ತಲೆ ಕವಿಯುವವರೆಗೆ ಹೀಗೆ. ನಾವು ಗುಡ್ಡ ಕಡಿದ ದರೆಯ ಮರೆಯಲ್ಲಿ ನಿಂತು ನಗುತ್ತಿದ್ದೆವು.

ನಾನು ಹತ್ತನೆಯ ತರಗತಿಯಲ್ಲಿದ್ದೆ. ಹೆಡ್‌ಮಾಸ್ಟ್ರು ನಮಗೆ ಭೂಗೋಳ ಹೇಳುತ್ತಿದ್ದರು. ಮಧ್ಯಾಹ್ನದ ಊಟದ ನಂತರದ ಪೀರಿಯಡ್. ಭೂಪಟ ತೂಗುಹಾಕಿ, ನದಿಗಳನ್ನು ಬರೆದುಕೊಳ್ಳಿ ಎಂದು ಹೇಳಿ ಕುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದರು. ಒಂದು ಸಂಜೆ ಮರೆತ ಕೊಡೆ ಒಯ್ಯಲು ವಾಪಸು ಬಂದ ನನಗೆ ಖಾಲಿ ಜಗಲಿ ಕಂಡು ಏನು ಹುಕಿ ಬಂತೋ, ಶಾಯಿಪೆನ್ನು ತೆಗೆದು ರಟ್ಟಿನ ತಳದಲ್ಲಿ ಬರೆದೆ: “ಇಪ್ಪತ್ತೆರಡು. ಭೂಗೋಳದ ತರಗತಿಯಲ್ಲಿ ಹೆಡ್‌ಮಾಸ್ಟ್ರು ಗೊರಕೆ ಹೊಡೆಯಬಾರದು.”

ಮರುದಿನ ಬೆಳಿಗ್ಗೆ ಇಡೀ ಶಾಲೆ ಅದನ್ನು ಓದಿತು. ಹೆಡ್‌ಮಾಸ್ಟ್ರು ಓದಿದ ಮೇಲೆ ನಗು ನಿಂತಿತು. ಹಿಂದಿನ ಸಂಜೆ ಜಗಲಿ ಗುಡಿಸುವ ಸರದಿ ಚನಿಯನದ್ದು. ಅವನು ನಮ್ಮ ತರಗತಿಯವನೇ. ಅಪ್ಪ ಅಮ್ಮ ಇಬ್ಬರೂ ಕೂಲಿಗೆ ಹೋಗುವವರು, ಅವನ ಕೇರಿಯಿಂದ ಹೈಸ್ಕೂಲಿನ ಮೆಟ್ಟಿಲು ಹತ್ತಿದವನು ಅವನೊಬ್ಬನೇ. ಹೆಡ್‌ಮಾಸ್ಟ್ರಿಗೆ ಅಷ್ಟು ಸಾಕಾಯಿತು.

ಪ್ರಾರ್ಥನೆ ಮುಗಿದ ಕೂಡಲೇ ಅವನನ್ನು ಮುಂದೆ ಕರೆದರು.

“ನಾನಲ್ಲ ಸರ್” ಎಂದ ಚನಿಯ.

“ಹನ್ನೆರಡು” ಎಂದರು ಹೆಡ್‌ಮಾಸ್ಟ್ರು, ಡ್ರಿಲ್ ಮಾಸ್ಟ್ರ ಕಡೆ ತಿರುಗಿ.

ಡ್ರಿಲ್ ಮಾಸ್ಟ್ರು ಕೋಲು ಹಿಡಿದು ಬಂದರು. ಎಂದಿನಂತೆ ಅವನ ಕೈ ಹಿಡಿದು ಒರೆಸಿದರು. ಆಮೇಲೆ ಕೈ ಬಿಡದೆ ಕೇಳಿದರು, “ಇವ ಬರೆದದ್ದು ಯಾರು ನೋಡಿದ್ದು ಸರ್?”

“ನೋಡುದು ಎಂತದ್ದು? ಕೊನೆಗೆ ಹೋದವ ಇವನೇ ಅಲ್ವಾ?”

“ಯಾರೂ ನೋಡ್ಲಿಲ್ಲ ಅಂತಾಯ್ತು.”

“ನೀವು ನಿಮ್ಮ ಕೆಲಸ ಮಾಡಿ ಮಾಸ್ಟ್ರೇ.”

ಮುನ್ನೂರು ಮಕ್ಕಳು ನೋಡುತ್ತಾ ನಿಂತಿದ್ದೆವು. ಡ್ರಿಲ್ ಮಾಸ್ಟ್ರು ಕೋಲನ್ನು ಜಗಲಿಯ ಕಟ್ಟೆಯ ಮೇಲೆ ಇಟ್ಟರು. “ಒಂಬತ್ತು ವರ್ಷ ನೀವು ಹೇಳಿದಷ್ಟು ಹೊಡೆದಿದ್ದೇನೆ ಸರ್. ಯಾಕೆ ಅಂತ ಕೇಳಿದವನಲ್ಲ. ಕೇಳಬೇಕಿತ್ತು. ಇದು ನನ್ನಿಂದ ಆಗುದಿಲ್ಲ.”

ಹೆಡ್‌ಮಾಸ್ಟ್ರ ಮುಖ ಬಿಳುಚಿತು. ತಪ್ಪೊಪ್ಪಿಕೊಳ್ಳುವವರೆಗೆ ಶಾಲೆಗೆ ಕಾಲಿಡಕೂಡದು ಎಂದು ಚನಿಯನನ್ನು ಅಲ್ಲಿಂದಲೇ ಮನೆಗೆ ಕಳಿಸಿದರು. ಅವನು ಪುಸ್ತಕಗಳನ್ನು ಎದೆಗೊತ್ತಿಕೊಂಡು ಗೇಟು ದಾಟಿ ಹೋಗುವುದನ್ನು ನಾನು ನೋಡಿದೆ. ಬಾಯಿ ತೆರೆಯಲಿಲ್ಲ.

ಆ ಸಂಜೆ ಡ್ರಿಲ್ ಮಾಸ್ಟ್ರು ನನ್ನನ್ನು ಮೈದಾನದ ತುದಿಯಲ್ಲಿ ನಿಲ್ಲಿಸಿದರು. ಡ್ರಿಲ್ ಪೀರಿಯಡ್ಡಿನಲ್ಲಿ ಚೆಂಡು ಪಡೆಯುವಾಗ ಆಟದ ಪುಸ್ತಕದಲ್ಲಿ ನಾವೆಲ್ಲ ನಮ್ಮ ನಮ್ಮ ಹೆಸರು ಬರೆಯುತ್ತಿದ್ದೆವು. ನನ್ನ ಅಕ್ಷರ ಅವರಿಗೆ ಗೊತ್ತಿತ್ತು. ಆದರೆ ಅವರು ಅದನ್ನೇನೂ ಹೇಳಲಿಲ್ಲ.

“ನಿನಗೆ ಎಂತಾದ್ರೂ ಹೇಳ್ಲಿಕ್ಕುಂಟಾ?”

“ಇಲ್ಲ ಸರ್.”

“ಆಯ್ತು, ಹೋಗು.”

ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಎರಡು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮೂರನೆಯ ದಿನ ಅವರು ಕರೆಯುವ ಮೊದಲೇ ನಾನು ಆಟದ ಸಾಮಾನಿನ ಕೋಣೆಗೆ ಹೋದೆ. ಅವರು ಹರಿದ ನೆಟ್ಟಿಗೆ ಗಂಟು ಹಾಕುತ್ತಿದ್ದರು. ಹೇಳಿದೆ. ಹೇಳುತ್ತಾ ಅತ್ತೆ.

“ನನ್ನ ಹತ್ರ ಹೇಳಿ ಎಂತ ಪ್ರಯೋಜನ ಮಾರಾಯ? ಮನೆಯಲ್ಲಿ ಕೂತವ ಚನಿಯ ಅಲ್ವಾ?” ಎಂದು ಎದ್ದರು. “ಬಾ. ನಾನೂ ಬರ್ತೇನೆ.”

ಹೆಡ್‌ಮಾಸ್ಟ್ರ ಮೇಜಿನ ಮುಂದೆ ನಿಂತು ಮತ್ತೊಮ್ಮೆ ಹೇಳಿದೆ. ಅವರು ನನ್ನನ್ನು ತುಂಬ ಹೊತ್ತು ನೋಡಿದರು. ಶಾಲೆಗೆ ಜಾಗ ಬಿಟ್ಟುಕೊಟ್ಟವರು, ಕಟ್ಟಡದ ಮಾಡಿಗೆ ಹಂಚು ಹೊದಿಸಿದವರು ನನ್ನ ಅಪ್ಪ. ಶಾಲೆಯ ಕಮಿಟಿಯಲ್ಲಿ ಮೊದಲ ಕುರ್ಚಿ ಅವರದು.

“ಹುಡುಗಾಟಿಕೆ” ಎಂದರು ಕೊನೆಗೆ. “ಇನ್ನು ಹೀಗೆಲ್ಲ ಮಾಡಬಾರದು. ಹೋಗು, ಕ್ಲಾಸಿಗೆ ಹೋಗು.”

ನಾನು ಬಾಗಿಲಿನವರೆಗೆ ಬಂದಿದ್ದೆ. ಹಿಂದಿನಿಂದ ಡ್ರಿಲ್ ಮಾಸ್ಟ್ರ ದನಿ ಕೇಳಿತು. “ಚನಿಯನಿಗೆ ಹನ್ನೆರಡು ಸರ್. ಇವನಿಗೆ ಎಷ್ಟು?”



ಚನಿಯ ಮರುದಿನದಿಂದ ಶಾಲೆಗೆ ಬಂದ. ಬರೆದವನು ಅವನಲ್ಲ ಎಂದು ಯಾರೂ ಸಾರಲಿಲ್ಲ. ಹೆಡ್‌ಮಾಸ್ಟ್ರು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದರು ಎಂದು ಎಲ್ಲರೂ ತಿಳಿದರು. “ನಾಳೆ ಪ್ರಾರ್ಥನೆ ಆದ ಮೇಲೆ ನೀನೇ ಹೇಳು. ನಾನು ನಿನ್ನ ಹಿಂದೆ ನಿಲ್ತೇನೆ” ಎಂದು ಆ ಸಂಜೆ ಡ್ರಿಲ್ ಮಾಸ್ಟ್ರು ನನಗೆ ಹೇಳಿದರು. ನಾನು ತಲೆಯಾಡಿಸಿದೆ. ಮರುದಿನ ಪ್ರಾರ್ಥನೆ ಮುಗಿಯುವಾಗ ಅವರು ನಿಜವಾಗಿಯೂ ನನ್ನ ಸಾಲಿನ ಹಿಂದೆ ಬಂದು ನಿಂತಿದ್ದರು. ನಾನು ಸಾಲಿನ ಜೊತೆ ತರಗತಿಗೆ ನಡೆದೆ. ಅದರ ಮರುದಿನವೂ ಬಂದು ನಿಂತರು. ಮೂರನೆಯ ದಿನ ಅವರಿಗೆ ವರ್ಗವಾದ ಆದೇಶ ಬಂತು, ಕಾರ್ಕಳದಿಂದಲೂ ಆಚೆ, ಎಲ್ಲೋ ಘಟ್ಟದ ಬುಡದ ಶಾಲೆಗೆ.

ಹುಡುಗರು ಕುಣಿದಾಡಿದರು. ಆಟದ ಕೋಣೆಯ ಕೋಲನ್ನು ಯಾರೋ ಮುರಿದು ಬಾವಿಗೆಸೆದರು. ಬೀಳ್ಕೊಡುಗೆ ಎಂದು ಏನೂ ಆಗಲಿಲ್ಲ. ಅವರು ಹೊರಟ ದಿನ ನಾನು ಪೇಟೆಯ ಜಿನಸಿ ಅಂಗಡಿಯ ಜಗಲಿಯಲ್ಲಿ ನಿಂತಿದ್ದೆ. ರಸ್ತೆಯ ಆಚೆ ಬದಿಯಲ್ಲಿ ಅವರು, ಪಕ್ಕದಲ್ಲಿ ಅವರ ಕಬ್ಬಿಣದ ಟ್ರಂಕು ಹೊತ್ತುಕೊಂಡು ಬಂದ ಚನಿಯ. ಪುತ್ತೂರಿನ ಬಸ್ಸು ಬಂತು. ಚನಿಯ ಟ್ರಂಕನ್ನು ಮೇಲೆ ಏರಿಸಿಕೊಟ್ಟ. ಹತ್ತುವ ಮೊದಲು ಮಾಸ್ಟ್ರು ಒಮ್ಮೆ ತಿರುಗಿ ನೋಡಿದರು. ನಾನು ಅಕ್ಕಿ ಮೂಟೆಯ ಹಿಂದೆ ಸರಿದೆ. ಕಂಡರೋ ಇಲ್ಲವೋ ಗೊತ್ತಿಲ್ಲ.

ಆಮೇಲೆ ಓದು ಮುಗಿಸಿ, ಟ್ರೈನಿಂಗ್ ಮಾಡಿ, ನಾನೂ ಮಾಸ್ಟ್ರಾದೆ. ಅರಂತೋಡಿನ ಆಚೆಯ ಒಂದು ಶಾಲೆಗೆ ಹೋಗಿ ಸೇರಿದೆ. ನನ್ನ ಮೇಜಿನ ಮೇಲೂ ಒಂದು ನಿಯಮಗಳ ಪಟ್ಟಿ ಇತ್ತು. ಯಾವ ಮಗುವನ್ನೂ ‘ಯಾರು ನೋಡಿದ್ದು’ ಎಂದು ಕೇಳದೆ ನಾನು ಶಿಕ್ಷೆಗೆ ನಿಲ್ಲಿಸಲಿಲ್ಲ. ಅವರಿಗೊಂದು ಕಾಗದ ಬರೆಯಬೇಕು ಎಂದು ಪ್ರತಿ ಬೇಸಗೆ ರಜೆಯಲ್ಲೂ ಅಂದುಕೊಳ್ಳುತ್ತಿದ್ದೆ. ಬರೆಯಲಿಲ್ಲ.

ಹತ್ತು ವರ್ಷ ಕಳೆದಿರಬೇಕು. ಪುತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ನನ್ನ ಹೆಸರು ಹಿಡಿದು ಕರೆದ. ಚನಿಯ. ಕೊಯಿಲದ ಜಾನುವಾರು ಫಾರ್ಮಿನಲ್ಲಿ ಗುಮಾಸ್ತನಾಗಿದ್ದ. ಗಡ್ಡ ಬಿಟ್ಟಿದ್ದ, ಕಣ್ಣು ಕೆಂಪಾಗಿತ್ತು.

“ಡ್ರಿಲ್ ಮಾಸ್ಟ್ರು ಹೋದ್ರು ಮಾರಾಯ” ಎಂದ. “ಹೋದ ವಾರ. ಯಾರೂ ಇರ್ಲಿಲ್ಲ, ನಾನೇ ಹೋಗಿ ಕೊನೆಯದ್ದೆಲ್ಲ ಮಾಡಿ ಬಂದೆ.”

ಇಬ್ಬರೂ ಬೆಂಚಿನಲ್ಲಿ ಕೂತೆವು. ಅವನಿಗೆ ಅವರು ತಿಂಗಳಿಗೊಂದು ಕಾರ್ಡು ಬರೆಯುತ್ತಿದ್ದರಂತೆ, ಎಸ್ಸೆಸ್ಸೆಲ್ಸಿ ಕಟ್ಟು, ಬಿಡಬೇಡ ಎಂದು ಬೆನ್ನು ಹತ್ತಿದ್ದರಂತೆ.

“ಆ ರಟ್ಟಿನಲ್ಲಿ ಬರೆದದ್ದು ಯಾರು ಅಂತ ನಿಮಗೆ ಗೊತ್ತುಂಟಾ ಅಂತ ಒಮ್ಮೆ ಕೇಳಿದ್ದೆ” ಎಂದ ಚನಿಯ. “ಗೊತ್ತುಂಟು, ಅವ ಕೆಟ್ಟವನಲ್ಲ, ಒಂದು ದಿನ ಅವನೇ ಬಂದು ನಿನ್ನ ಹತ್ರ ಹೇಳ್ತಾನೆ ಅಂತ ಬರೆದ್ರು. ಮತ್ತೆ ನಾನು ಕೇಳ್ಲಿಲ್ಲ.”

ಅವನ ಬಸ್ಸು ಬಂದು ನಿಂತಿತ್ತು. ಅವನು ಚೀಲ ಎತ್ತಿಕೊಂಡ. ನಾನು ಅವನ ತೋಳು ಹಿಡಿದೆ.

“ಚನಿಯ, ಅದು ನಾನು.”

ಅವನು ನನ್ನನ್ನು ನೋಡಿದ. ಕಂಡಕ್ಟರು ಎರಡು ಸಲ ಕೂಗಿದ. ಬಸ್ಸು ಹೊರಟುಹೋಯಿತು. ಚನಿಯ ಚೀಲವನ್ನು ಕೆಳಗಿಟ್ಟು ಮತ್ತೆ ಬೆಂಚಿನ ಮೇಲೆ ಕೂತ. ನಾನೂ ಅವನ ಪಕ್ಕದಲ್ಲಿ ಕೂತೆ. ಆ ಮಾತು ಕೇಳಲು ಅಷ್ಟು ವರ್ಷ ಕಾದಿದ್ದ ಇನ್ನೊಬ್ಬರು ಬರೀ ಒಂದು ವಾರದ ಹಿಂದೆ ಹೋಗಿಬಿಟ್ಟಿದ್ದರು.