ಬಚ್ಚಪ್ಪನ ಲೇಸರ್ ತುಟಿ

ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ಬ್ಯಾಂಡ್‌ಸೆಟ್ಟಿನಲ್ಲಿ ಟ್ರಂಪೆಟ್ ಊದುವ ಬಚ್ಚಪ್ಪ ಈಗ ನಕ್ಕರೆ ಊರಿಗೆಲ್ಲ ಕಾಣಬೇಕು. ಬೀಡಿಯನ್ನೇ ಬಿಟ್ಟ ಮೇಲೆ ಅದರ ಕಪ್ಪು ಮಾತ್ರ ತುಟಿಯ ಮೇಲೆ ಯಾಕಿರಬೇಕೆಂದು ಬಂಗಾರಪೇಟೆಯ ಚರ್ಮದ ಡಾಕ್ಟರಮ್ಮನ ಹತ್ತಿರ ಲೇಸರ್ ಮಾಡಿಸಿಕೊಳ್ಳುತ್ತಿದ್ದಾನೆ. ಅದು ಶುರುವಾದಾಗಿನಿಂದ, ಅಲ್ಲಿಗೆ ಹೋಗಿಬರುವ ಮಾರಿಕುಪ್ಪಂ ರೈಲಿನಲ್ಲಿ ಅವನ ದರ್ಬಾರು ನೋಡಬೇಕು! ತುಟಿಗೆ ಬಿಸಿಲು ಬಿದ್ದೀತೆಂದು ಕಿಟಕಿ ಪಕ್ಕ ಕೂರುವುದಿಲ್ಲ. ಟೀಯನ್ನು ಆರಿಸಿ ಆರಿಸಿ, ಕೂಸಿಗೆ ಕುಡಿಸುವ ಹಾಗೆ ತನಗೆ ತಾನೇ ಕುಡಿಸಿಕೊಳ್ಳುತ್ತಾನೆ. ಸ್ಟೇಷನ್ನಿನಲ್ಲಿ ಯಾರಾದರೂ ಬೀಡಿ ಚಾಚಿದರೆ, "ತೆಗಿಯಲಾ ಅತ್ಲಾಗೆ, ಲೇಸರ್ ಬಾಯಿ ಕಣ್ಲಾ ಇದು!" ಎಂದು ಗದರುತ್ತಾನೆ. ಮದುವೆ ಮೆರವಣಿಗೆಯಲ್ಲಂತೂ ಕ್ಯಾಮೆರಾ ಕಂಡರೆ ಮದುಮಗನಿಗಿಂತ ಮುಂದೆ ಇವನೇ ನಿಂತಿರುತ್ತಾನೆ. ಇಷ್ಟಾದರೂ ಮೇಲ್ತುಟಿಯ ನಟ್ಟನಡುವೆ ಕಮಾನಿನಂಥ ಒಂದು ಕಪ್ಪು ಗುರುತು ಹಾಗೇ ಉಳಿದಿದೆ. ಡಾಕ್ಟರಮ್ಮ ಅಲ್ಲಿಗೂ ಲೇಸರ್ ಹಿಡಿಯಲು ಬಂದಾಗ ಬಚ್ಚಪ್ಪ ಗಾಬರಿಯಿಂದ ಕೈ ಅಡ್ಡ ಇಟ್ಟ. "ಅದೊಂದು ಬುಟ್ಬುಡಿ ತಾಯಿ. ಮಿಕ್ಕಿದ್ದೆಲ್ಲ ಬೀಡಿ ಕೊಟ್ಟಿದ್ದು, ತೆಗೀರಿ. ಇದು ಟ್ರಂಪೆಟ್ ಕೂತ್ಕೂತು ಆಗಿರೋದು. ಇದು ನಾನು ಊದಿ ಊದಿ ಸಂಪಾದಿಸಿದ್ದು."