ಮೊದಲನೇ ತಿಂಗಳ ಮೇವು

ನಮ್ಮ ಯಜಮಾನರಿಗೆ ಮಸ್ಕತ್ತಿನಲ್ಲಿ ಕೆಲಸ ಸಿಕ್ಕಿದಾಗ ನಮ್ಮ ಮದುವೆಯಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಎಂಬತ್ತರ ದಶಕದ ಶುರು. ಅವರು ಕೋಲಾರದ ಒಂದು ಅಂಗಡಿಯಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದರು. ಮಸ್ಕತ್ತಿನಲ್ಲೂ ಮೋಟಾರುಗಳು ಸುಟ್ಟುಹೋಗುತ್ತವೆ ಎಂದು ಬೊಂಬಾಯಿಯ ಏಜೆಂಟ್ ಬರೆದಿದ್ದ. ಊಟ, ಪಾತ್ರೆ, ಹಾಸಿಗೆ ಎಲ್ಲಾ ಅವರವರದೇ ಖರ್ಚು ಎಂದೂ ಬರೆದಿದ್ದ. ಈ ಎರಡನೆಯ ಮಾತು ಮನೆಯಲ್ಲಿ ನನ್ನೊಬ್ಬಳ ಕಿವಿಗೆ ಮಾತ್ರ ಬಿದ್ದಂತಿತ್ತು.

ಅಲ್ಲಿ ಬದುಕಲು ಎಷ್ಟು ಬೇಕೆಂದು ಲೆಕ್ಕ ಹಾಕಲು ಕೂತವರು ನಮ್ಮ ಮಾವ. ಮಾಲೂರಿನಾಚೆ ನಮ್ಮ ಹಳ್ಳಿಯಲ್ಲಿ ಅವರಷ್ಟು ಚೆನ್ನಾಗಿ ರೇಷ್ಮೆ ಹುಳ ಸಾಕುವವರು ಇರಲಿಲ್ಲ. ಹಾಗಾಗಿ ಪ್ರಪಂಚದ ಯಾವ ಲೆಕ್ಕವನ್ನೂ ಅವರು ಹುಳದ ಲೆಕ್ಕದಲ್ಲೇ ಹಾಕುತ್ತಿದ್ದರು. ಮರಿ ಹುಳಕ್ಕೆ ಹಿಡಿಯಷ್ಟು ಎಳೆ ಸೊಪ್ಪು ಹೆಚ್ಚಿ ಉದುರಿಸಿದರೆ ಸಾಕು. ನಾಲ್ಕು ಸಲ ಪೊರೆ ಬಿಟ್ಟ ಮೇಲೆ ಅವೇ ಹುಳಗಳು ಗಾಡಿಗಟ್ಟಲೆ ತಿನ್ನುತ್ತವೆ. ಮೇವು ಸಾಲದೆ ಬೆಳೆ ಕೆಡುವುದು ಯಾವಾಗಲೂ ಕೊನೆಯಲ್ಲಿ, ಆದ್ದರಿಂದ ಕೊನೆಗೆ ಉಳಿಸಿಕೊಂಡವನೇ ಬುದ್ಧಿವಂತ.

"ಹೊಸದಾಗಿ ಹೋದೋನು ಏನ್ ಮಹಾ ತಿಂತಾನೆ? ವರ್ಷ ಕಳೀಲಿ, ಆಗ ಬೀಳ್ತೈತೆ ಖರ್ಚು," ಎಂದರು. ಮಾತು ಕನ್ನಡವಾದರೂ ದುಡ್ಡು ಎಣಿಸುವಾಗ ಅವರ ಬಾಯಿಗೆ ತೆಲುಗೇ ಬರುತ್ತಿತ್ತು. ಮೊದಲ ತಿಂಗಳಿಗೆ "ಮೂಡು ನೂರ್ಲು" ಎಂದು ಮುನ್ನೂರು ರೂಪಾಯಿ ಎಣಿಸಿ ಮಗನಿಗೆ ಕೊಟ್ಟರು, ಬೊಂಬಾಯಿಯಲ್ಲಿ ಅಲ್ಲಿನ ದುಡ್ಡಾಗಿ ಬದಲಾಯಿಸಿಕೊಳ್ಳಲು. ಗೂಡು ಮಾರಿ ಇದಕ್ಕೆಂದೇ ಎತ್ತಿಟ್ಟಿದ್ದ ದುಡ್ಡಿನಲ್ಲಿ ಉಳಿದದ್ದು ಬಿಸ್ಕತ್ತಿನ ಡಬ್ಬ ಸೇರಿತು. ಬೇಕಾದ ಹಾಗೆಲ್ಲ ಕಳಿಸುವುದು ಎಂದಾಯಿತು. ಸಂಬಳವನ್ನು ಮುಟ್ಟುವಂತಿರಲಿಲ್ಲ. ಅದು ಗೂಡು, ಇಡಿಯಾಗಿ ಮನೆಗೆ ಬರಬೇಕು.

"ಮೊದಲ್ನೇ ತಿಂಗಳೇ ಅಲ್ವಾ ಮಾವ ಜಾಸ್ತಿ ಬೇಕಾಗೋದು? ತಟ್ಟೆ, ಚೊಂಬು, ಕಂಬಳಿ, ಎಲ್ಲಾ ಕೊಳ್ಬೇಕು," ಎಂದೆ.

ಶ್ರೀನಿವಾಸಪುರದಿಂದ ಸೊಸೆಯಾಗಿ ಬಂದ ಹೊಸತರಲ್ಲಿ ತಲೆಗೆ ಹಚ್ಚುವ ಎಣ್ಣೆಗೂ ಇನ್ನೊಬ್ಬರನ್ನು ಕೇಳಿದವಳು ನಾನು. ಹೊಸ ಜಾಗದ ಮೊದಲ ತಿಂಗಳು ಹೇಗಿರುತ್ತದೆಂದು ಅಲ್ಲಿ ಕೂತಿದ್ದ ಗಂಡಸರಿಗೆ ಗೊತ್ತಿರಲು ಕಾರಣವೇ ಇರಲಿಲ್ಲ. ಅವರೆಲ್ಲ ಹುಟ್ಟಿದ ಮನೆಯಲ್ಲೇ ಇದ್ದರು.

"ನಿಂಗ್ ಗೊತ್ತಾಗಲ್ಲ ಬಿಡಮ್ಮಾ. ಹುಳ ಸಾಕಿದೋಳಾ ನೀನು?"

ದಿನಾ ಸೊಪ್ಪು ಹೆಚ್ಚುತ್ತಿದ್ದವಳು ನಾನೇ. ಯಜಮಾನರು ತೊಲೆ ನೋಡುತ್ತಾ ಕೂತಿದ್ದರು. ಆರಿಸಿ ಬಿಟ್ಟ ಕಳಪೆ ಗೂಡು ಮಾರಿದ ಕಾಸು ನಮ್ಮಲ್ಲಿ ಹೆಂಗಸರಿಗೆ. ಹಾಗೆ ಕೂಡಿಟ್ಟದ್ದನ್ನು ತಂದು, ಇದನ್ನಾದರೂ ಮೊದಲ ತಿಂಗಳಿಗೆ ಕೊಡಿ ಎಂದೆ. ಮಾವನಿಗೆ ತುಂಬಾ ಸಂತೋಷವಾಯಿತು. ಒಳ್ಳೆಯ ಸೊಸೆ ಎಂದು ಹೊಗಳಿ ಅದನ್ನೂ ಡಬ್ಬಕ್ಕೆ ಹಾಕಿದರು. ಆ ಹೊತ್ತು ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಯಜಮಾನರು ಹೋದರು. ಮೊದಲ ಕಾಗದ ಬಂತು: ನಾನು ಕ್ಷೇಮ, ಊಟಕ್ಕೇನೂ ತೊಂದರೆಯಿಲ್ಲ. ಮಾವ ಅದನ್ನು ಮನೆಗೆ ಬಂದವರಿಗೆಲ್ಲ ಓದಿ ಹೇಳಿದರು. ಎರಡನೆಯ ಕಾಗದದ ಜೊತೆ ಒಂದು ಫೋಟೋ ಇತ್ತು. ಯಾರದೋ ಕಾರಿಗೆ ಒರಗಿ ನಿಂತಿದ್ದರು. ಹೊರಡುವ ಮುಂಚೆ ಮಾಲೂರಿನ ದರ್ಜಿ ಮೈಗೆ ಹಿಡಿಯುವಂತೆ ಹೊಲಿದ ಶರಟು, ಈಗ ಅದರೊಳಗೆ ಇನ್ನೊಬ್ಬರಿಗೂ ಜಾಗವಿತ್ತು. ನನಗೆ ಅಳು ಬಂತು. ಎಲ್ಲರೆದುರೇ ಅತ್ತುಬಿಟ್ಟೆ.

ಮಾವ ಫೋಟೋವನ್ನು ಬಿಸಿಲಿಗೆ ಒಯ್ದರು. ಅಂಗೈ ಮೇಲೆ ಹುಳ ಇಟ್ಟುಕೊಂಡು ನೋಡುವ ಹಾಗೆ ಅತ್ತ ಇತ್ತ ವಾಲಿಸಿ ಬಹಳ ಹೊತ್ತು ನೋಡಿದರು.

"ಮೇವು ಸಾಲ್ದು ಕಣಮ್ಮಾ," ಎಂದರು.

ಮಾರನೆಯ ದಿನ ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಪೇಟೆಯ ಬ್ಯಾಂಕಿಗೆ ಹೋದರು. ದುಡ್ಡು ಅಲ್ಲಿಂದ ಇಲ್ಲಿಗೆ ಬರುತ್ತದೆಯೇ ಹೊರತು, ನಮ್ಮಂಥವರು ಇಲ್ಲಿಂದ ಅಲ್ಲಿಗೆ ಕಳಿಸುವ ಹಾಗಿಲ್ಲ ಎಂದು ಗುಮಾಸ್ತರು ಸಮಾಧಾನವಾಗಿಯೇ ತಿಳಿಸಿದರಂತೆ. "ಹಸ್ಕೊಂಡಿದ್ರೂವಾ?" ಎಂದು ಮಾವ ಕೇಳಿದರಂತೆ. ಅದಕ್ಕೆ ಬ್ಯಾಂಕಿನಲ್ಲಿ ಫಾರಂ ಇರಲಿಲ್ಲ. ಡಬ್ಬ ಹೋದ ಹಾಗೇ ವಾಪಸ್ಸು ಬಂತು. ಅವತ್ತು ಮಾವ ಮುದ್ದೆ ಮುರಿಯದೆ ಎದ್ದರು.

ಸಂಬಳದಲ್ಲಿ ಊಟಕ್ಕೆ ಇಟ್ಟುಕೊಂಡು ಮಿಕ್ಕಿದ್ದು ಕಳಿಸಿದರೆ ಸಾಕು ಎಂದು ಕಾಗದ ಬರೆಸಿದವರೂ ಅವರೇ. ಆ ಕಾಗದ ತಲುಪುವ ಹೊತ್ತಿಗೆ ಕಷ್ಟದ ಕಾಲ ಮುಗಿದಿತ್ತು.

ಎರಡು ವರ್ಷದ ಮೇಲೆ ಯಜಮಾನರು ಟೇಪ್‌ರೆಕಾರ್ಡರ್ ಹೊತ್ತುಕೊಂಡು ರಜೆಗೆ ಬಂದರು. ಮೊದಲ ಸಂಬಳ ತಡವಾದದ್ದು, ದಿನಕ್ಕೊಂದೇ ಹೊತ್ತು ಬನ್ನು ಟೀಯಲ್ಲಿ ಕಳೆದದ್ದು, ರಟ್ಟಿನ ಪೆಟ್ಟಿಗೆ ಹರಡಿಕೊಂಡು ಮಲಗಿದ್ದು, ಎಲ್ಲವನ್ನೂ ತಮಾಷೆ ಮಾಡಿಕೊಂಡು ಹೇಳಿದರು. ಯಾರೂ ನಗಲಿಲ್ಲ. ಎಂದೂ ಅಡುಗೆಮನೆಗೆ ಕಾಲಿಡದ ಮಾವ ಎದ್ದು ಹೋಗಿ ಇನ್ನೊಂದು ಮುದ್ದೆ ತಂದು ಮಗನ ತಟ್ಟೆಗೆ ಹಾಕಿದರು.

ರಜೆ ಮುಗಿಯುವ ಮುಂಚೆ ಮತ್ತೆ ಲೆಕ್ಕಕ್ಕೆ ಕೂತೆವು. ಈ ಸಲ ಬೇರೆ ಊರು, ಬೇರೆ ಕಂಪನಿ. ಮಾವ ಡಬ್ಬ ತೆಗೆದರು. ಅದರಲ್ಲಿನ ಒಂದು ನೋಟೂ ಅಲುಗಿರಲಿಲ್ಲ.

"ಮೊದಲ್ನೇ ತಿಂಗಳಿಗೆ ಎಷ್ಟಮ್ಮಾ? ನೀನೇ ಹೇಳು," ಎಂದರು.

ಎರಡು ವರ್ಷದಿಂದ ಉತ್ತರ ನನ್ನ ಬಾಯಲ್ಲೇ ಇತ್ತು. ಅವರು ದುಡ್ಡು ಎಣಿಸುವ ತೆಲುಗಿನಲ್ಲೇ ಹೇಳಿದೆ: "ಮೊತ್ತಂ." ಅಷ್ಟನ್ನೂ.

ಮಾವ ಎಣಿಸಲಿಲ್ಲ. ಡಬ್ಬವನ್ನು ಮಗನ ಕಡೆಗಲ್ಲ, ನನ್ನ ಕಡೆಗೆ ತಳ್ಳಿದರು.